ದೊಡ್ಡ ಲೆಕ್ಕವನ್ನು ಚಿಕ್ಕದಾಗಿ ಒಡೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೋಗ್ರಾಮಿಂಗ್ ಕಲಿಯಲು ಹೊರಟವರಿಗೆ ಮೊದಲು ಸಿಗುವ ಸಲಹೆ ಇದು: ಸಮಸ್ಯೆ ದೊಡ್ಡದಾಗಿದ್ದರೆ ಚಿಕ್ಕ ಚಿಕ್ಕದಾಗಿ ಒಡೆಯಿರಿ. ಸಲಹೆ ಸರಿಯಾಗಿಯೇ ಇದೆ. ಆದರೆ ಎಲ್ಲಿ ಒಡೆಯಬೇಕು, ಒಡೆದದ್ದನ್ನು ಆಮೇಲೆ ಹೇಗೆ ಸೇರಿಸಬೇಕು ಎಂದು ಬಿಡಿಸಿ ಹೇಳುವವರು ಕಡಿಮೆ. ಕಲಿಯುವವರು ಸಿಕ್ಕಿಹಾಕಿಕೊಳ್ಳುವುದೂ ಅಲ್ಲೇ. ಹಾಗಾಗಿ ಇಲ್ಲಿ ಆ ಎರಡು ವಿಷಯಗಳಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಸಮಸ್ಯೆಯನ್ನು ಒಡೆಯುವುದು ಅಂದರೆ ನಿಜಕ್ಕೂ ಏನು ಮಾಡುವುದು?

ಮೂರು ಕೆಲಸ ಮಾಡುವುದು. ಸಮಸ್ಯೆಯನ್ನು ಭಾಗ ಮಾಡುವುದು, ಒಂದೊಂದು ಭಾಗಕ್ಕೂ ಉತ್ತರ ಹುಡುಕುವುದು, ಆ ಉತ್ತರಗಳಿಂದ ಪೂರ್ತಿ ಸಮಸ್ಯೆಯ ಉತ್ತರವನ್ನು ಕಟ್ಟುವುದು. ಹೊಸಬರ ಗಮನವೆಲ್ಲ ಮೊದಲನೆಯದರ ಮೇಲೆ ಇರುತ್ತದೆ. ಕಷ್ಟ ಇರುವುದು ಮೂರನೆಯದರಲ್ಲಿ.

ಒಂದು ಪಟ್ಟಿಯಲ್ಲಿ ಅತಿ ದೊಡ್ಡ ಸಂಖ್ಯೆ ಯಾವುದು ಎಂದು ಹುಡುಕಬೇಕು ಅಂದುಕೊಳ್ಳಿ. ಪಟ್ಟಿಯನ್ನು ಎರಡು ಪಾಲು ಮಾಡಿ, ಎರಡರಲ್ಲೂ ದೊಡ್ಡದನ್ನು ಹುಡುಕಿ, ಆ ಎರಡನ್ನು ಹೋಲಿಸಿದರೆ ಮುಗಿಯಿತು. ಸೇರಿಸಲು ಬೇಕಾದದ್ದು ಒಂದೇ ಹೋಲಿಕೆ.

ಈಗ ದೊಡ್ಡ ಸಂಖ್ಯೆಯ ಬದಲು ಪಟ್ಟಿಯ ನಟ್ಟನಡುವಿನ ಬೆಲೆ ಬೇಕು, ಅಂದರೆ ಮೀಡಿಯನ್. 1, 2, 3 ಒಂದು ಪಾಲು, 3, 4, 5 ಇನ್ನೊಂದು ಪಾಲು. ಪಾಲುಗಳ ಮೀಡಿಯನ್ 2 ಮತ್ತು 4. ಒಟ್ಟು ಪಟ್ಟಿಯ ಮೀಡಿಯನ್ 3. ಇನ್ನು ಮೊದಲ ಪಾಲಿನ ಕೊನೆಯ 3 ಇದ್ದ ಜಾಗದಲ್ಲಿ 9 ಇಡಿ. ಪಾಲುಗಳ ಮೀಡಿಯನ್ ಈಗಲೂ 2 ಮತ್ತು 4. ಆದರೆ ಒಟ್ಟು ಪಟ್ಟಿಯ ಮೀಡಿಯನ್ 3.5 ಆಗಿಬಿಟ್ಟಿತು. ಚಿಕ್ಕ ಉತ್ತರಗಳು ಅವೇ ಇದ್ದರೂ ದೊಡ್ಡ ಉತ್ತರ ಬದಲಾಯಿತು. ಅಂದರೆ ಆ ಎರಡು ಉತ್ತರಗಳಿಂದ ಮಾತ್ರ ಪೂರ್ತಿ ಉತ್ತರವನ್ನು ಕಟ್ಟಲು ಸಾಧ್ಯವೇ ಇಲ್ಲ.

ಕೋಡ್ ಬರೆಯುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಚಿಕ್ಕ ಭಾಗಗಳ ಉತ್ತರ ಯಾರೋ ನನ್ನ ಕೈಗೆ ಕೊಟ್ಟರು ಅಂದುಕೊಂಡರೆ, ಅಷ್ಟರಿಂದಲೇ ನಾನು ಪೂರ್ತಿ ಉತ್ತರ ಹೇಳಬಲ್ಲೆನಾ? ಆಗುವುದಿಲ್ಲ ಎಂದಾದರೆ ಬೇರೆ ಕಡೆ ಕತ್ತರಿಸಬೇಕು. ಇಲ್ಲವೇ ಚಿಕ್ಕ ಭಾಗಗಳಿಂದ ಇನ್ನೂ ಹೆಚ್ಚಿನ ಮಾಹಿತಿ ಕೇಳಬೇಕು.

ಎಲ್ಲಿ ಕತ್ತರಿಸಬೇಕು ಅಂತ ಹೇಗೆ ಗೊತ್ತಾಗುತ್ತದೆ?

ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದಿರುವ ದಾರಿ ಎಂದರೆ ಕೊನೆಯ ಹೆಜ್ಜೆಯನ್ನು ನೋಡುವುದು. ಉತ್ತರ ಪೂರ್ತಿ ತಯಾರಾಗಿದೆ ಅಂದುಕೊಳ್ಳಿ. ಅದರ ಕಟ್ಟಕಡೆಯ ತುಂಡು ಏನಿರಬಹುದು? ಎಷ್ಟು ಬಗೆಯಲ್ಲಿ ಇರಬಹುದು? ಆ ತುಂಡನ್ನು ತೆಗೆದರೆ ಏನು ಉಳಿಯುತ್ತದೆ? ಉಳಿದದ್ದು ಅದೇ ಜಾತಿಯ ಚಿಕ್ಕ ಸಮಸ್ಯೆಯಾಗಿದ್ದರೆ ಕತ್ತರಿಸುವ ಜಾಗ ಸಿಕ್ಕಿತು.

ಇದಕ್ಕೆ ಬಹಳ ಹಳೆಯ, ಬಹಳ ಚಂದದ ಉದಾಹರಣೆ ಛಂದಸ್ಸಿನಲ್ಲಿದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ. ಒಟ್ಟು 5 ಮಾತ್ರೆಯ ಸಾಲನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು? ಎಲ್ಲವನ್ನೂ ಸುಮ್ನೆ ಬರೆಯುತ್ತಾ ಹೋಗಬಹುದು, ಆದರೆ ಯಾವುದೋ ಒಂದು ತಪ್ಪಿಹೋಗುತ್ತದೆ. ಅದರ ಬದಲು ಕೊನೆಯ ಅಕ್ಷರ ನೋಡಿ. ಅದು ಲಘುವಾಗಿದ್ದರೆ ಹಿಂದೆ 4 ಮಾತ್ರೆ ಉಳಿಯಿತು. ಗುರುವಾಗಿದ್ದರೆ 3 ಉಳಿಯಿತು. ಮೂರನೇ ದಾರಿ ಇಲ್ಲ. ಹಾಗಾಗಿ 5 ಮಾತ್ರೆಯ ಲೆಕ್ಕ ಎಂದರೆ 4ರ ಲೆಕ್ಕ ಮತ್ತು 3ರ ಲೆಕ್ಕವನ್ನು ಕೂಡಿದ್ದು. 3 ಮಾತ್ರೆಗೆ 3 ಬಗೆ, 4 ಮಾತ್ರೆಗೆ 5 ಬಗೆ, ಆದ್ದರಿಂದ 5 ಮಾತ್ರೆಗೆ 8 ಬಗೆ. 12ನೇ ಶತಮಾನದಲ್ಲಿ ಹೇಮಚಂದ್ರ ಈ ನಿಯಮವನ್ನು ವಿವರಿಸಿದ್ದಾನೆ. ಫಿಬೊನಾಚಿ ಸಂಖ್ಯೆಗಳು ಎಂದು ನಾವು ಓದುವ ಸಾಲು ಇದೇ.

ಎರಡನೇ ದಾರಿ: ಚಿಕ್ಕ ಸಮಸ್ಯೆಯನ್ನು ಒಂದೇ ವಾಕ್ಯದಲ್ಲಿ ಬರೆಯುವುದು. ‘ಇಷ್ಟು ಮಾತ್ರೆ ಕೊಟ್ಟರೆ, ಕಟ್ಟಬಹುದಾದ ಸಾಲುಗಳ ಸಂಖ್ಯೆ ಇಷ್ಟು.’ ಏನು ಕೊಡುತ್ತೇವೆ, ಏನು ಸಿಗುತ್ತದೆ ಎನ್ನುವ ಎರಡೂ ಅದರಲ್ಲಿ ಇರಬೇಕು. ಆ ವಾಕ್ಯ ಬರೆಯಲು ಬರದಿದ್ದರೆ ಕೀಬೋರ್ಡ್ ಮುಟ್ಟಬೇಡಿ. ಇದು ಕಟ್ಟುನಿಟ್ಟಾದ ಮಾತು ಅನ್ನಿಸಬಹುದು, ಆದರೆ ವಾಕ್ಯ ಸ್ಪಷ್ಟವಿಲ್ಲದೆ ಶುರುವಾದ ಕೋಡ್ ಮಧ್ಯದಲ್ಲಿ ಗೋಜಲಾಗುವುದು ಬಹುತೇಕ ಖಚಿತ.

ಇನ್ನೊಂದು ವಿಷಯ. ಮಧ್ಯಕ್ಕೇ ಕತ್ತರಿಸಬೇಕು ಎಂಬ ನಿಯಮ ಏನಿಲ್ಲ. ಸಿಗ್ನಲ್‌ಗಳನ್ನು ಅವುಗಳ ಆವರ್ತನಗಳಾಗಿ ಬಿಡಿಸುವ ಫಾಸ್ಟ್ ಫೂರಿಯರ್ ಟ್ರಾನ್ಸ್‌ಫಾರ್ಮ್ ನೋಡಿ. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ಈ ವಿಧಾನದ ಪರಿಚಿತ ರೂಪದಲ್ಲಿ ಮೊದಲರ್ಧ, ಎರಡನೆಯರ್ಧ ಎಂದು ಪಾಲು ಮಾಡುವುದಿಲ್ಲ. ಸಮ ಸ್ಥಾನದಲ್ಲಿರುವ ಬೆಲೆಗಳು ಒಂದು ಗುಂಪು, ಬೆಸ ಸ್ಥಾನದವು ಇನ್ನೊಂದು ಗುಂಪು. ಹಾಗೆ ಕತ್ತರಿಸಿದಾಗ ಎರಡೂ ಗುಂಪುಗಳು ಅದೇ ಲೆಕ್ಕದ ಅರ್ಧ ಗಾತ್ರದ ರೂಪಗಳಾಗಿ ನಿಲ್ಲುತ್ತವೆ. 1805ರ ಹೊತ್ತಿಗೇ ಗೌಸ್ ಇದೇ ಉಪಾಯವನ್ನು ಬರೆದಿಟ್ಟಿದ್ದ.

ಒಡೆದ ಮಾತ್ರಕ್ಕೆ ಕೆಲಸ ಕಡಿಮೆಯಾಗುವುದು ಯಾಕೆ? ಒಟ್ಟು ಕೆಲಸ ಅಷ್ಟೇ ಅಲ್ವಾ?

ಎಷ್ಟೋ ಸಲ ಅಷ್ಟೇ! ಈ ಅನುಮಾನ ಬಂದವರು ಸರಿಯಾದ ದಾರಿಯಲ್ಲಿದ್ದಾರೆ.

1960ರ ಒಂದು ಘಟನೆ ಹೇಳುತ್ತೇನೆ. ಎರಡು ದೊಡ್ಡ ಸಂಖ್ಯೆಗಳನ್ನು ಗುಣಿಸಲು ಶಾಲೆಯಲ್ಲಿ ಕಲಿಸುವ ವಿಧಾನದಲ್ಲಿ, ಸಂಖ್ಯೆಗಳು ಎನ್ ಅಂಕಿಯವಾದರೆ ಸುಮಾರು ಎನ್ ವರ್ಗದಷ್ಟು ಗುಣಾಕಾರ ಬೇಕು. ಇದಕ್ಕಿಂತ ಗಣನೀಯವಾಗಿ ಬೇಗ ಮಾಡಲು ಆಗುವುದಿಲ್ಲ ಎಂದು ದೊಡ್ಡ ಗಣಿತಜ್ಞ ಕೊಲ್ಮೊಗೊರೊವ್ ಊಹಿಸಿದ್ದ. ಮಾಸ್ಕೋದಲ್ಲಿ ಅವನ ಸೆಮಿನಾರಿಗೆ ಬರುತ್ತಿದ್ದ 23 ವರ್ಷದ ಕರತ್ಸುಬಾ ಕೆಲವೇ ದಿನಗಳಲ್ಲಿ ಅದು ತಪ್ಪು ಎಂದು ತೋರಿಸಿದ.

47ನ್ನು 36ರಿಂದ ಗುಣಿಸೋಣ. 4, 7 ಮತ್ತು 3, 6 ಎಂದು ಒಡೆಯುತ್ತೇವೆ. ಸಾಮಾನ್ಯವಾಗಿ ನಾಲ್ಕು ಗುಣಾಕಾರ ಬೇಕು: 4×3, 4×6, 7×3, 7×6. ದೊಡ್ಡ ಸಂಖ್ಯೆಗಳನ್ನು ಹೀಗೆಯೇ ಮತ್ತೆ ಮತ್ತೆ ಅರ್ಧ ಮಾಡುತ್ತಾ ಹೋದರೂ ಒಟ್ಟು ಲೆಕ್ಕ ಎನ್ ವರ್ಗಕ್ಕೇ ಬಂದು ನಿಲ್ಲುತ್ತದೆ. ಒಡೆದದ್ದಕ್ಕೆ ಒಂದು ಚೂರೂ ಲಾಭ ಇಲ್ಲ. ಕರತ್ಸುಬಾ ಮಾಡಿದ್ದು ಬೇರೆ. 4×3 = 12. 7×6 = 42. ಮೂರನೆಯದು (4+7)×(3+6) = 99. ಇದರಲ್ಲಿ 12, 42 ಕಳೆದರೆ 45. ನಡುವಿನ ಎರಡು ಗುಣಾಕಾರಗಳ ಮೊತ್ತ ಅದೇ. 1200 + 450 + 42 = 1692. ನಾಲ್ಕರ ಕೆಲಸ ಮೂರರಲ್ಲಿ ಮುಗಿಯಿತು.

ಒಂದು ಗುಣಾಕಾರ ಉಳಿದರೆ ಏನು ಮಹಾ ಅನ್ನಬೇಡಿ. ಉಳಿತಾಯ ಪ್ರತಿ ಹಂತದಲ್ಲೂ ಆಗುತ್ತದೆ. 1024 ಅಂಕಿಯ ಎರಡು ಸಂಖ್ಯೆಗಳಿಗೆ ಹಳೆಯ ವಿಧಾನದಲ್ಲಿ 10,48,576 ಚಿಕ್ಕ ಗುಣಾಕಾರ. ಹತ್ತು ಹಂತ ಅರ್ಧ ಮಾಡುತ್ತಾ ಹೋದರೆ 3ರ ಹತ್ತನೇ ಘಾತ, ಅಂದರೆ 59,049ರ ಆಸುಪಾಸು. ನಡುವಿನ ಕೂಡು ಕಳೆಗಳು ಜಾಸ್ತಿಯಾಗುತ್ತವೆ, ಆದರೂ ದೊಡ್ಡ ಸಂಖ್ಯೆಗಳಲ್ಲಿ ಗೆಲುವು ಇದರದ್ದೇ. 1969ರಲ್ಲಿ ಸ್ಟ್ರಾಸೆನ್ ಮ್ಯಾಟ್ರಿಕ್ಸ್ (ಸಾಲು, ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳು) ಗುಣಾಕಾರದಲ್ಲೂ ಇಂಥದ್ದೇ ಕೆಲಸ ಮಾಡಿದ: ಎಂಟು ಗುಣಾಕಾರ ಬೇಕು ಎಂದುಕೊಂಡಿದ್ದ ಕಡೆ ಏಳರಲ್ಲಿ ಮುಗಿಸಿದ.

ಹಾಗಾಗಿ ಲಾಭ ಬರುವುದು ಎರಡು ಕಾರಣಕ್ಕೆ. ಒಂದೋ ಚಿಕ್ಕ ಸಮಸ್ಯೆಗಳ ಸಂಖ್ಯೆ ಕಡಿಮೆಯಾಗಬೇಕು, ಇಲ್ಲವೇ ಸೇರಿಸುವ ಕೆಲಸ ಅಗ್ಗವಾಗಬೇಕು.

ಸೇರಿಸುವುದು ಅಗ್ಗವಾದಾಗ ಏನಾಗುತ್ತದೆ ಎನ್ನುವುದಕ್ಕೆ ಮರ್ಜ್ ಸಾರ್ಟ್ ಸಾಕ್ಷಿ. ಜಾನ್ ಫಾನ್ ನಾಯ್ಮನ್ 1945ರಲ್ಲಿ ರೂಪಿಸಿದ ವಿಧಾನ ಇದು. ಪಟ್ಟಿಯನ್ನು ಅರ್ಧ ಮಾಡಿ, ಎರಡನ್ನೂ ಕ್ರಮವಾಗಿ ಜೋಡಿಸಿ, ಆಮೇಲೆ ಎರಡು ಕ್ರಮಬದ್ಧ ಪಟ್ಟಿಗಳನ್ನು ಹೆಣೆಯುವುದು. ಹೆಣೆಯಲು ಎರಡರ ತಲೆಯನ್ನು ಮಾತ್ರ ನೋಡುತ್ತಾ ಹೋದರೆ ಸಾಕು, ಒಂದು ಸುತ್ತಿನಲ್ಲಿ ಮುಗಿಯುತ್ತದೆ. 10 ಲಕ್ಷ ಸಂಖ್ಯೆಗಳಿಗೆ ಸುಮಾರು 20 ಹಂತ, ಒಟ್ಟು 2 ಕೋಟಿಯಷ್ಟು ಹೋಲಿಕೆ. ಪ್ರತಿ ಸಂಖ್ಯೆಯನ್ನೂ ಉಳಿದ ಎಲ್ಲದರ ಜೊತೆ ಹೋಲಿಸಲು ಹೋದರೆ ಸುಮಾರು 50 ಸಾವಿರ ಕೋಟಿ.

ಕ್ವಿಕ್ ಸಾರ್ಟ್ ಕೂಡ ಅರ್ಧ ಮಾಡುತ್ತದಲ್ಲ, ಅದಕ್ಕೂ ಮರ್ಜ್ ಸಾರ್ಟ್‌ಗೂ ವ್ಯತ್ಯಾಸ ಏನು?

ಶ್ರಮ ಎಲ್ಲಿ ಬೀಳುತ್ತದೆ ಎನ್ನುವುದು. ಮರ್ಜ್ ಸಾರ್ಟ್ ಯೋಚಿಸದೆ ಕತ್ತರಿಸಿ, ಸೇರಿಸುವಾಗ ಕಷ್ಟಪಡುತ್ತದೆ. ಕ್ವಿಕ್ ಸಾರ್ಟ್ ಕತ್ತರಿಸುವಾಗಲೇ ಕಷ್ಟಪಡುತ್ತದೆ: ಒಂದು ಸಂಖ್ಯೆ ಆರಿಸಿ, ಚಿಕ್ಕವನ್ನೆಲ್ಲ ಎಡಕ್ಕೆ, ದೊಡ್ಡವನ್ನೆಲ್ಲ ಬಲಕ್ಕೆ ತಳ್ಳುತ್ತದೆ. ಆಮೇಲೆ ಸೇರಿಸುವ ಕೆಲಸವೇ ಇಲ್ಲ. ಟೋನಿ ಹೋರ್ 1959ರಲ್ಲಿ ಮಾಸ್ಕೋದಲ್ಲಿ ವಿದ್ಯಾರ್ಥಿಯಾಗಿದ್ದಾಗ ಇದನ್ನು ಕಂಡುಕೊಂಡು 1961ರಲ್ಲಿ ಪ್ರಕಟಿಸಿದರು. ಆರಿಸಿದ ಸಂಖ್ಯೆ ಪ್ರತಿ ಸಲವೂ ಅತಿ ಚಿಕ್ಕದೋ ಅತಿ ದೊಡ್ಡದೋ ಆಗಿಬಿಟ್ಟರೆ ಒಂದು ಪಾಲು ಖಾಲಿ, ಇನ್ನೊಂದು ಪೂರ್ತಿ ತುಂಬಿರುತ್ತದೆ. ಆಗ ಒಡೆದದ್ದು ಹೆಸರಿಗೆ ಮಾತ್ರ, ಕೆಲಸ ಎನ್ ವರ್ಗಕ್ಕೆ ಏರುತ್ತದೆ. ಪಾಲುಗಳು ಹೆಚ್ಚು ಕಡಿಮೆ ಸಮ ಇರಬೇಕು ಎನ್ನುವುದು ಇದಕ್ಕೇ.

ಬೈನರಿ ಸರ್ಚ್ ಕೂಡ ಇದೇ ಗುಂಪಿಗೆ ಸೇರುತ್ತದಾ?

ಸೇರುತ್ತದೆ. ಇಲ್ಲಿ ನಡುವಿನದನ್ನು ನೋಡಿ, ಹುಡುಕುತ್ತಿರುವುದು ಇರಲಾರದ ಅರ್ಧವನ್ನು ಎಸೆದೇ ಬಿಡುತ್ತೇವೆ. ಕ್ರಮವಾಗಿರುವ 10 ಲಕ್ಷ ಹೆಸರುಗಳಲ್ಲಿ ಒಂದನ್ನು ಹುಡುಕಲು ಹೆಚ್ಚೆಂದರೆ 20 ಸಲ ನೋಡಿದರೆ ಸಾಕು. 100 ಕೋಟಿಗೆ 30 ಸಲ.

ಘಾತ ಲೆಕ್ಕ ಹಾಕುವಾಗಲೂ ಹೀಗೆ ಅರ್ಧ ಮಾಡಬಹುದು. 2ರ ಸಾವಿರನೇ ಘಾತ ಬೇಕಾದರೆ 999 ಸಲ ಗುಣಿಸಬೇಕಿಲ್ಲ. ಘಾತ ಸಮವಾಗಿದ್ದರೆ ಅರ್ಧ ಘಾತವನ್ನು ಕಂಡುಹಿಡಿದು ವರ್ಗ ಮಾಡಿ. ಬೆಸವಾಗಿದ್ದರೆ ಒಂದು ಕಳೆದು, ಬಂದ ಉತ್ತರವನ್ನು ಇನ್ನೊಮ್ಮೆ 2ರಿಂದ ಗುಣಿಸಿ. ಒಟ್ಟು 14 ಗುಣಾಕಾರದಲ್ಲಿ ಮುಗಿಯುತ್ತದೆ. ಛಂದಸ್ಸಿನ ಪ್ರಾಚೀನ ಆಚಾರ್ಯ ಪಿಂಗಳ ಲಘು ಗುರುಗಳ ಪ್ರಸ್ತಾರದ (ಎಲ್ಲ ಜೋಡಣೆಗಳ ಪಟ್ಟಿಯ) ಲೆಕ್ಕಕ್ಕೆ ಕೊಟ್ಟಿರುವ ಸೂತ್ರವೂ ಇದೇ: ಅರ್ಧವಾದರೆ ವರ್ಗ, ಆಗದಿದ್ದರೆ ಒಂದು ಕಳೆದು ಇಮ್ಮಡಿ. ಇಂದಿನ ಎಷ್ಟೋ ಎನ್‌ಕ್ರಿಪ್ಷನ್ ಲೆಕ್ಕಗಳು ನಡೆಯುವುದೂ ಇದೇ ಉಪಾಯದಿಂದ.

ರಿಕರ್ಶನ್ ಎಷ್ಟು ಓದಿದರೂ ತಲೆಗೆ ಹೋಗುತ್ತಿಲ್ಲ. ಏನು ಮಾಡಲಿ?

ಒಳಗೆ ಇಳಿದು ನೋಡುವುದನ್ನು ನಿಲ್ಲಿಸಿ. ಫಂಕ್ಷನ್ ತನ್ನನ್ನೇ ಕರೆಯುತ್ತದೆ, ಅದು ಮತ್ತೆ ಕರೆಯುತ್ತದೆ, ಅದರೊಳಗೆ ಇನ್ನೊಂದು... ಹೀಗೆ ಹಿಂಬಾಲಿಸುತ್ತಾ ಹೋದರೆ ಯಾರಿಗಾದರೂ ತಲೆ ತಿರುಗುತ್ತದೆ. ಬೇಕಾಗಿರುವುದು ಎರಡೇ. ಅತಿ ಚಿಕ್ಕ ಸಂದರ್ಭಕ್ಕೆ ನೇರ ಉತ್ತರ, ಇದಕ್ಕೆ ಬೇಸ್ ಕೇಸ್ ಅನ್ನುತ್ತಾರೆ. ಮತ್ತು ‘ಇದಕ್ಕಿಂತ ಚಿಕ್ಕದಕ್ಕೆ ಸರಿ ಉತ್ತರ ಬಂದೇ ಬರುತ್ತದೆ’ ಎಂಬ ನಂಬಿಕೆಯ ಮೇಲೆ ಒಂದು ಹೆಜ್ಜೆ.

1883ರಲ್ಲಿ ಎದ್ವಾರ್ ಲ್ಯೂಕಾ ಪರಿಚಯಿಸಿದ ಟವರ್ ಆಫ್ ಹನೋಯ್ ಆಟ ಇದಕ್ಕೆ ಒಳ್ಳೆಯ ಅಭ್ಯಾಸ. ಮೂರು ಗೂಟ, ಒಂದರಲ್ಲಿ ದೊಡ್ಡದರ ಮೇಲೆ ಚಿಕ್ಕದಾಗಿ ಜೋಡಿಸಿದ ಬಿಲ್ಲೆಗಳು. ಒಮ್ಮೆಗೆ ಒಂದೇ ಬಿಲ್ಲೆ ಸರಿಸಬೇಕು, ಚಿಕ್ಕದರ ಮೇಲೆ ದೊಡ್ಡದನ್ನು ಇಡುವಂತಿಲ್ಲ. ಎಲ್ಲವೂ ಇನ್ನೊಂದು ಗೂಟಕ್ಕೆ ಹೋಗಬೇಕು. ಬಿಲ್ಲೆ ಬಿಲ್ಲೆಯಾಗಿ ಯೋಚಿಸಿದರೆ ದಾರಿ ತಪ್ಪುತ್ತದೆ. ಎಲ್ಲಕ್ಕಿಂತ ಕೆಳಗಿನ ದೊಡ್ಡ ಬಿಲ್ಲೆ ಯಾವಾಗ ಚಲಿಸಬಹುದು ಎಂದು ಕೇಳಿ. ಮೇಲಿನವೆಲ್ಲ ನಡುವಿನ ಗೂಟದಲ್ಲಿ ಇದ್ದಾಗ ಮಾತ್ರ, ಅಲ್ವಾ? ಹಾಗಾದರೆ ಮೇಲಿನ ಗುಂಪನ್ನು ನಡುವಿನ ಗೂಟಕ್ಕೆ ಕಳಿಸಿ, ದೊಡ್ಡದನ್ನು ಸರಿಸಿ, ಗುಂಪನ್ನು ಮತ್ತೆ ಅದರ ಮೇಲೆ ತನ್ನಿ. ಪ್ರೋಗ್ರಾಂ ಇಷ್ಟೇ. ಗುಂಪನ್ನು ಕಳಿಸುವುದು ಅದೇ ಸಮಸ್ಯೆ, ಒಂದು ಬಿಲ್ಲೆ ಕಡಿಮೆ.

ಅಂದಹಾಗೆ, ಒಡೆಯಲು ಬಂದ ಮಾತ್ರಕ್ಕೆ ಕೆಲಸ ಬೇಗ ಮುಗಿಯುತ್ತದೆ ಎಂದೇನಿಲ್ಲ. ಲ್ಯೂಕಾ ಹೇಳಿದ ಕಥೆಯಲ್ಲಿ 64 ಬಿಲ್ಲೆಗಳಿವೆ. ಸೆಕೆಂಡಿಗೆ ಒಂದು ಸರಿಸಿದರೂ ಸುಮಾರು 58 ಸಾವಿರ ಕೋಟಿ ವರ್ಷ ಬೇಕು. ಇದಕ್ಕಿಂತ ಚಿಕ್ಕ ದಾರಿ ಇಲ್ಲ.

ಡಿವೈಡ್ ಅಂಡ್ ಕಾಂಕರ್, ಡೈನಾಮಿಕ್ ಪ್ರೋಗ್ರಾಮಿಂಗ್: ಎರಡರಲ್ಲೂ ಒಡೆಯುತ್ತೇವೆ. ಬೇರೆ ಬೇರೆ ಹೆಸರು ಯಾಕೆ?

ಮರ್ಜ್ ಸಾರ್ಟ್‌ನಲ್ಲಿ ಎಡ ಪಾಲಿಗೂ ಬಲ ಪಾಲಿಗೂ ಸಂಬಂಧ ಇಲ್ಲ. ಹೀಗೆ ಸಂಬಂಧವಿಲ್ಲದ ಪಾಲುಗಳಾಗಿ ಒಡೆದು ಸೇರಿಸುವುದು ಡಿವೈಡ್ ಅಂಡ್ ಕಾಂಕರ್. ಆದರೆ ಎಷ್ಟೋ ಸಮಸ್ಯೆಗಳಲ್ಲಿ ಅದೇ ಚಿಕ್ಕ ಸಮಸ್ಯೆ ಬೇರೆ ಬೇರೆ ದಾರಿಯಿಂದ ಮತ್ತೆ ಮತ್ತೆ ಎದುರಾಗುತ್ತದೆ. ಮೇಲಿನ ಮಾತ್ರೆಯ ಲೆಕ್ಕವನ್ನೇ ತೆಗೆದುಕೊಳ್ಳಿ. 40ಕ್ಕೆ 39 ಮತ್ತು 38 ಬೇಕು. 39ಕ್ಕೆ ಮತ್ತೆ 38 ಬೇಕು. ನೇರವಾಗಿ ರಿಕರ್ಶನ್ ಬರೆದು 40ನೇ ಫಿಬೊನಾಚಿ ಸಂಖ್ಯೆ ಕೇಳಿದರೆ ಫಂಕ್ಷನ್ 33 ಕೋಟಿಗೂ ಹೆಚ್ಚು ಸಲ ಓಡುತ್ತದೆ. ನಿಜಕ್ಕೂ ಬೇರೆ ಬೇರೆ ಪ್ರಶ್ನೆಗಳಿರುವುದು 41 ಮಾತ್ರ! ಒಮ್ಮೆ ಸಿಕ್ಕ ಉತ್ತರವನ್ನು ಬರೆದಿಟ್ಟುಕೊಂಡರೆ 39 ಕೂಡುವಿಕೆಗಳಲ್ಲಿ ಮುಗಿಯುತ್ತದೆ.

ಹೀಗೆ ಬರೆದಿಟ್ಟುಕೊಳ್ಳುವುದೇ ಡೈನಾಮಿಕ್ ಪ್ರೋಗ್ರಾಮಿಂಗ್‌ನ ಜೀವ. 1950ರ ದಶಕದಲ್ಲಿ ರಿಚರ್ಡ್ ಬೆಲ್‌ಮನ್ ಇದಕ್ಕೆ ಗಣಿತದ ರೂಪ ಕೊಟ್ಟ. ಮೇಲಿನಿಂದ ಶುರು ಮಾಡಿ, ಬೇಕಾದಾಗ ಲೆಕ್ಕ ಹಾಕಿ, ಉತ್ತರ ನೆನಪಿಟ್ಟುಕೊಳ್ಳುವುದು ಒಂದು ಬಗೆ. ಇದನ್ನು ಮೆಮೊಯೈಸೇಶನ್ ಅನ್ನುತ್ತಾರೆ. ಚಿಕ್ಕದರಿಂದ ಶುರು ಮಾಡಿ ಕೋಷ್ಟಕವನ್ನು ತುಂಬಿಸುತ್ತಾ ಮೇಲೆ ಬರುವುದು ಇನ್ನೊಂದು ಬಗೆ. ಯಾವುದು ಮೇಲು ಎಂಬ ವಾದಕ್ಕೆ ಇಳಿಯಬೇಡಿ. ಕಲಿಯುವಾಗ ಮೊದಲನೆಯದು ಸುಲಭ, ಯಾಕೆಂದರೆ ಯೋಚನೆ ಇರುವ ಹಾಗೆಯೇ ಕೋಡ್ ಬರುತ್ತದೆ. ಮೆಮೊರಿ ಉಳಿಸಬೇಕಾದಾಗ ಎರಡನೆಯದು ಒಳ್ಳೆಯದು.

ಡಿಪಿ (ಡೈನಾಮಿಕ್ ಪ್ರೋಗ್ರಾಮಿಂಗ್) ಲೆಕ್ಕಗಳಲ್ಲಿ ‘ಸ್ಟೇಟ್’ ಏನಿರಬೇಕು ಅಂತ ನಿರ್ಧರಿಸಲು ಆಗುತ್ತಿಲ್ಲ.

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು, ಸ್ವಲ್ಪ ನಿಧಾನವಾಗಿ ನೋಡೋಣ. ಸ್ಟೇಟ್ ಎಂದರೆ ಒಂದು ಚಿಕ್ಕ ಸಮಸ್ಯೆಯನ್ನು ಗುರುತಿಸಲು ಬೇಕಾದ ಮಾಹಿತಿ.

ಒಂದು ಪದವನ್ನು ಇನ್ನೊಂದು ಪದವಾಗಿ ಬದಲಾಯಿಸಬೇಕು. ಒಂದು ಅಕ್ಷರ ಸೇರಿಸಬಹುದು, ತೆಗೆಯಬಹುದು, ಅಥವಾ ಬದಲಿಸಬಹುದು. ಕನಿಷ್ಠ ಎಷ್ಟು ತಿದ್ದುಪಡಿ ಬೇಕು? ಸ್ಪೆಲ್ ಚೆಕರ್‌ಗಳಿಗೆ ಬೇಕಾಗುವ ಲೆಕ್ಕ ಇದು. 1965ರಲ್ಲಿ ಈ ಅಳತೆಯನ್ನು ಕೊಟ್ಟ ಲೆವೆನ್‌ಸ್ಟೈನ್ ಹೆಸರಿನಲ್ಲೇ ಕರೆಯುತ್ತಾರೆ.

‘ಅಮರ’ವನ್ನು ‘ಮರಳು’ ಮಾಡಬೇಕು. ಜಾಗಕ್ಕೆ ಜಾಗ ಹೋಲಿಸಿದರೆ ಮೂರು ಅಕ್ಷರಗಳೂ ಬೇರೆ, ಮೂರು ತಿದ್ದುಪಡಿ ಬೇಕು ಅನ್ನಿಸುತ್ತದೆ. ಆದರೆ ಮೊದಲ ‘ಅ’ ತೆಗೆದು ಕೊನೆಗೆ ‘ಳು’ ಸೇರಿಸಿದರೆ ಎರಡರಲ್ಲೇ ಆಯಿತು. ಕಂಪ್ಯೂಟರ್‌ಗೆ ಇದು ಹೇಗೆ ಹೊಳೆಯಬೇಕು?

ಮತ್ತೆ ಕೊನೆಯನ್ನೇ ನೋಡಿ. ಎರಡು ಪದಗಳ ಕೊನೆಯ ಅಕ್ಷರ ಒಂದೇ ಆಗಿದ್ದರೆ ಎರಡನ್ನೂ ಬಿಟ್ಟು ಉಳಿದದ್ದರ ಉತ್ತರ ತೆಗೆದುಕೊಳ್ಳಿ. ಬೇರೆ ಆಗಿದ್ದರೆ ಮೂರೇ ದಾರಿ. ಮೊದಲ ಪದದ ಕೊನೆಯದನ್ನು ತೆಗೆಯುವುದು, ಎರಡನೇ ಪದದ ಕೊನೆಯದನ್ನು ಸೇರಿಸುವುದು, ಒಂದನ್ನು ಇನ್ನೊಂದಾಗಿ ಬದಲಿಸುವುದು. ಮೂರರಲ್ಲಿ ಅಗ್ಗವಾದದ್ದಕ್ಕೆ ಒಂದು ಕೂಡಿ. ಪ್ರತಿ ದಾರಿಯಲ್ಲೂ ಉಳಿಯುವುದು ಏನು ಗಮನಿಸಿ: ಮೊದಲ ಪದದ ಆರಂಭದ ಒಂದಿಷ್ಟು ಅಕ್ಷರ, ಎರಡನೇ ಪದದ ಆರಂಭದ ಒಂದಿಷ್ಟು ಅಕ್ಷರ. ಹಾಗಾದರೆ ಸ್ಟೇಟ್ ಎಂದರೆ ಎರಡು ಸಂಖ್ಯೆಗಳು, ಎಷ್ಟು ಮತ್ತು ಎಷ್ಟು. ಮೂರಕ್ಷರದ ಎರಡು ಪದಗಳಿಗೆ ಸೊನ್ನೆಯೂ ಸೇರಿ 4×4, ಅಂದರೆ 16 ಮನೆಗಳ ಕೋಷ್ಟಕ. ಇದನ್ನು ಒಮ್ಮೆ ಕಾಗದದ ಮೇಲೆ ಕೈಯಿಂದ ತುಂಬಿಸಿ ನೋಡಿ. ಹತ್ತು ವಿಡಿಯೋ ನೋಡಿದ್ದಕ್ಕಿಂತ ಜಾಸ್ತಿ ಅರ್ಥವಾಗುತ್ತದೆ. (ಕನ್ನಡಕ್ಕೆ ಪ್ರೋಗ್ರಾಂ ಬರೆಯುವಾಗ ಒಂದು ಎಚ್ಚರ: ಯೂನಿಕೋಡ್‌ನಲ್ಲಿ ‘ಳು’ ಒಂದು ಸಂಕೇತ ಅಲ್ಲ. ವ್ಯಂಜನ, ಸ್ವರಚಿಹ್ನೆ ಎರಡು ಸೇರಿ ಆಗುತ್ತದೆ. ಪದಗಳನ್ನು ಮೊದಲು ಅಕ್ಷರಗಳಾಗಿ ಬಿಡಿಸಿಕೊಳ್ಳಬೇಕು.)

ಸ್ಟೇಟ್ ಹುಡುಕಲು ನಾನು ಬಳಸುವ ಪ್ರಶ್ನೆ ಇದು: ಮುಂದಿನ ನಿರ್ಧಾರ ಮಾಡಲು ಹಿಂದಿನದರಲ್ಲಿ ನನಗೆ ಏನು ಗೊತ್ತಿರಲೇಬೇಕು? ಅಷ್ಟನ್ನು ಮಾತ್ರ ಇಟ್ಟುಕೊಳ್ಳಿ, ಉಳಿದದ್ದನ್ನು ಮರೆತುಬಿಡಿ. ಹಲವು ಊರುಗಳನ್ನು ಒಂದೊಂದೇ ಸಲ ಸುತ್ತಿ ಹೊರಟಲ್ಲಿಗೆ ಬರುವ ಅತಿ ಕಡಿಮೆ ದೂರದ ದಾರಿ ಹುಡುಕುವ ಪ್ರಸಿದ್ಧ ಸಮಸ್ಯೆ ನೋಡಿ. ಅಲ್ಲಿ ಯಾವ ಕ್ರಮದಲ್ಲಿ ಸುತ್ತಿದೆ ಎನ್ನುವುದು ಮುಂದಕ್ಕೆ ಬೇಡ. ಯಾವ ಯಾವ ಊರು ಮುಗಿದಿವೆ, ಈಗ ಎಲ್ಲಿ ನಿಂತಿದ್ದೇನೆ, ಇಷ್ಟು ಸಾಕು. 1962ರಲ್ಲಿ ಹೆಲ್ಡ್ ಮತ್ತು ಕಾರ್ಪ್ ಪ್ರಕಟಿಸಿದ ವಿಧಾನ ನಿಂತಿರುವುದು ಈ ಮರೆವಿನ ಮೇಲೆ. 20 ಊರುಗಳಿಗೆ ಎಲ್ಲ ಕ್ರಮಗಳನ್ನೂ ನೋಡಲು ಹೋದರೆ 1ರ ಮುಂದೆ 17 ಸೊನ್ನೆ ಇಟ್ಟರೂ ಸಾಲದಷ್ಟು. ಈ ವಿಧಾನದಲ್ಲಿ ಸುಮಾರು 42 ಕೋಟಿ ಹೆಜ್ಜೆ. ಅಷ್ಟನ್ನು ಇಂದಿನ ಸಾಮಾನ್ಯ ಲ್ಯಾಪ್‌ಟಾಪ್ ಮಾಡಿ ಮುಗಿಸುತ್ತದೆ.

ಪ್ರತಿ ಹೆಜ್ಜೆಯಲ್ಲೂ ಆ ಹೊತ್ತಿಗೆ ಒಳ್ಳೆಯದನ್ನು ಆರಿಸಿದರೆ ಸಾಕಲ್ವಾ? ಕೋಷ್ಟಕ ಎಲ್ಲ ಯಾಕೆ?

ಅದು ಗ್ರೀಡಿ ವಿಧಾನ. ಕೆಲವು ಕಡೆ ಸರಿಯಾಗಿ ನಡೆಯುತ್ತದೆ, ಎಲ್ಲ ಕಡೆ ಅಲ್ಲ. 1, 3, 4 ಬೆಲೆಯ ನಾಣ್ಯಗಳಿಂದ 6 ಮಾಡಬೇಕು, ನಾಣ್ಯಗಳು ಆದಷ್ಟು ಕಡಿಮೆ ಇರಬೇಕು. ದೊಡ್ಡದನ್ನು ಮೊದಲು ಎತ್ತಿಕೊಂಡರೆ 4, 1, 1. ಮೂರು ನಾಣ್ಯ. ಆದರೆ 3, 3 ಎರಡರಲ್ಲೇ ಆಗುತ್ತದೆ. ಗ್ರೀಡಿ ಸರಿ ಎಂದು ತೋರಿಸಲು ಕಾರಣ ಕೈಯಲ್ಲಿ ಇದ್ದರೆ ಮಾತ್ರ ಬಳಸಿ. ನಾಲ್ಕು ಉದಾಹರಣೆಯಲ್ಲಿ ಸರಿ ಬಂತು ಎನ್ನುವುದು ಕಾರಣ ಅಲ್ಲ.

ಒಡೆದರೂ ಪ್ರಯೋಜನವಾಗದ ಸಮಸ್ಯೆಗಳು ಇವೆಯಾ?

ಇವೆ. ಒಂದು ನಕ್ಷೆಯಲ್ಲಿ ಎರಡು ಜಾಗಗಳ ನಡುವಿನ ಅತಿ ಹತ್ತಿರದ ದಾರಿಯನ್ನು ಒಡೆಯಬಹುದು, ಯಾಕೆಂದರೆ ಹತ್ತಿರದ ದಾರಿಯ ಪ್ರತಿ ತುಂಡೂ ತನ್ನ ಮಟ್ಟಿಗೆ ಹತ್ತಿರದ ದಾರಿಯೇ ಆಗಿರುತ್ತದೆ. ಆದರೆ ಯಾವ ಜಾಗವನ್ನೂ ಎರಡು ಸಲ ಮುಟ್ಟದೆ ಹೋಗುವ ಅತಿ ಉದ್ದದ ದಾರಿ ಬೇಕು ಅನ್ನಿ. ಒಂದು ಚೌಕದ ಮೂಲೆಗಳನ್ನು ಸುತ್ತಿನ ಕ್ರಮದಲ್ಲಿ ಕ, ಖ, ಗ, ಘ ಎಂದು ಕರೆಯೋಣ. ಕ ಇಂದ ಗ ತನಕ ಖ ಮೂಲಕ ಹೋಗುವುದು ಎರಡು ಬದಿಯ ದಾರಿ, ಅದೇ ಅತಿ ಉದ್ದದ್ದು. ಆದರೆ ಅದರ ಮೊದಲ ತುಂಡಾದ ಕ ಇಂದ ಖ ತನಕ ಅತಿ ಉದ್ದದ ದಾರಿ ಘ, ಗ ಸುತ್ತಿ ಬರುವ ಮೂರು ಬದಿಯದ್ದು! ಅದನ್ನು ಬಳಸಿದರೆ ಗ ಆಗಲೇ ಖರ್ಚಾಗಿರುತ್ತದೆ. ತುಂಡುಗಳು ಒಂದರ ಜಾಗವನ್ನು ಇನ್ನೊಂದು ಕಸಿದುಕೊಳ್ಳುತ್ತವೆ. ಇಂಥ ಕಡೆ ಸರಳವಾಗಿ ಒಡೆಯಲು ಬರುವುದಿಲ್ಲ. ಯಾವ ಜಾಗಗಳು ಮುಗಿದಿವೆ ಎನ್ನುವುದನ್ನೂ ಸ್ಟೇಟ್‌ನಲ್ಲಿ ಹೊತ್ತುಕೊಂಡು ಹೋಗಬೇಕು, ಆಗ ಕೋಷ್ಟಕ ಬೆಟ್ಟದಷ್ಟು ಬೆಳೆಯುತ್ತದೆ.

ಎಷ್ಟು ಚಿಕ್ಕದಾಗುವ ತನಕ ಒಡೆಯಬೇಕು?

ನೇರವಾಗಿ ಮಾಡುವುದೇ ಅಗ್ಗ ಅನ್ನಿಸುವ ತನಕ. ಪೈಥಾನ್‌ಗಾಗಿ ಟಿಮ್ ಪೀಟರ್ಸ್ 2002ರಲ್ಲಿ ಬರೆದ ಟಿಮ್‌ಸಾರ್ಟ್ ಚಿಕ್ಕ ತುಂಡುಗಳನ್ನು ಇನ್ನೂ ಒಡೆಯದೆ, ಒಂದೊಂದನ್ನೇ ಅದರ ಜಾಗಕ್ಕೆ ತೂರಿಸುತ್ತಾ ಹೋಗುವ ಇನ್ಸರ್ಷನ್ ಸಾರ್ಟ್‌ಗೆ ಬಿಡುತ್ತದೆ. ಫಂಕ್ಷನ್ ಕರೆಯಲು ಕೂಡ ಖರ್ಚಿದೆ. ಪೈಥಾನ್‌ನಲ್ಲಿ ರಿಕರ್ಶನ್ ಆಳಕ್ಕೆ ಸಾಮಾನ್ಯವಾಗಿ 1000ದ ಮಿತಿ ಇರುತ್ತದೆ ಎನ್ನುವುದೂ ನೆನಪಿರಲಿ. ಪ್ರತಿ ಸಲ ಅರ್ಧ ಮಾಡುವ ಕಡೆ ಅದು ಅಡ್ಡ ಬರುವುದಿಲ್ಲ, ಒಂದೊಂದೇ ಕಳೆಯುವ ಕಡೆ ಬೇಗ ಅಡ್ಡ ಬರುತ್ತದೆ.

ದೊಡ್ಡ ಸಾಫ್ಟ್‌ವೇರ್ ಪ್ರಾಜೆಕ್ಟ್ ಒಡೆಯುವುದಕ್ಕೂ ಇದೇ ನಿಯಮನಾ?

ಪೂರ್ತಿ ಇದೇ ಅಲ್ಲ. ಇಲ್ಲಿ ವೇಗಕ್ಕಿಂತ ಬದಲಾವಣೆ ಮುಖ್ಯ. ಡೇವಿಡ್ ಪಾರ್ನಸ್ 1972ರಲ್ಲಿ ಬರೆದ ಲೇಖನ ಇವತ್ತಿಗೂ ಓದಲು ಯೋಗ್ಯ. ಎಲ್ಲರೂ ಮಾಡುವ ಹಾಗೆ ಕೆಲಸದ ಹಂತಗಳ ಪ್ರಕಾರ ಒಡೆಯಬೇಡಿ ಎಂದು ಅವರು ಹೇಳಿದರು: ಓದುವುದು ಒಂದು ಭಾಗ, ಜೋಡಿಸುವುದು ಒಂದು ಭಾಗ, ಮುದ್ರಿಸುವುದು ಒಂದು ಭಾಗ, ಹೀಗೆ. ಹಾಗೆ ಒಡೆದರೆ ಡೇಟಾ ಇಡುವ ರೀತಿ ಸ್ವಲ್ಪ ಬದಲಾದರೂ ಎಲ್ಲ ಭಾಗಗಳನ್ನೂ ತಿದ್ದಬೇಕಾಗುತ್ತದೆ. ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನೂ ಒಂದೊಂದು ಮಾಡ್ಯೂಲ್‌ನ (ಪ್ರೋಗ್ರಾಮಿನ ಪ್ರತ್ಯೇಕ ಭಾಗದ) ಒಳಗೆ ಬಚ್ಚಿಡಿ ಎನ್ನುವುದು ಅವರ ಸಲಹೆ. ಮಾಡ್ಯೂಲ್‌ನ ಒಳಗೆ ಏನಿದೆ ಎಂದು ನೋಡದೆ ಅದನ್ನು ಬಳಸಲು ಆಗುತ್ತದಾ? ಆಗುತ್ತದೆ ಎಂದರೆ ಒಡೆದದ್ದು ಸರಿಯಾದ ಜಾಗದಲ್ಲಿ.

ತುಂಡುಗಳನ್ನು ನೂರು ಕಂಪ್ಯೂಟರ್‌ಗಳಿಗೆ ಹಂಚಿದರೆ ನೂರು ಪಟ್ಟು ಬೇಗ ಮುಗಿಯುತ್ತದಾ?

ಸಾಮಾನ್ಯವಾಗಿ ಇಲ್ಲ. ಜೀನ್ ಆಮ್‌ಡಾಲ್ 1967ರಲ್ಲಿ ಕೊಟ್ಟ ವಾದ ಸರಳ. ಕೆಲಸದ 10% ಭಾಗವನ್ನು ಹಂಚಲು ಆಗುವುದಿಲ್ಲ ಅಂದರೆ, ಎಷ್ಟು ಕಂಪ್ಯೂಟರ್ ತಂದರೂ 10 ಪಟ್ಟಿಗಿಂತ ವೇಗ ಸಿಗುವುದಿಲ್ಲ. ಇನ್ನು ತುಂಡುಗಳು ಒಂದಕ್ಕೊಂದು ಕಾಯುತ್ತಾ ಕೂತರೆ ಅದೂ ಸಿಗುವುದಿಲ್ಲ. ಗೂಗಲ್‌ನ ಜೆಫ್ರಿ ಡೀನ್ ಮತ್ತು ಸಂಜಯ್ ಘೇಮಾವತ್ 2004ರಲ್ಲಿ ಪ್ರಕಟಿಸಿದ ಮ್ಯಾಪ್‌ರೆಡ್ಯೂಸ್ ಯಶಸ್ವಿಯಾದದ್ದು ತುಂಡುಗಳನ್ನು ಪರಸ್ಪರ ಮಾತಾಡದ ಹಾಗೆ ಇಟ್ಟಿದ್ದರಿಂದ. ಪ್ರತಿ ಯಂತ್ರ ತನ್ನ ಪಾಲಿನ ಪುಟಗಳಲ್ಲಿ ಪದಗಳನ್ನು ಎಣಿಸುತ್ತದೆ, ಆಮೇಲೆ ಒಂದೇ ಪದದ ಎಣಿಕೆಗಳೆಲ್ಲ ಒಂದೇ ಕಡೆ ಬಂದು ಕೂಡಿಕೊಳ್ಳುತ್ತವೆ. ಕೂಡುವಾಗ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು ಲೆಕ್ಕಕ್ಕಿಲ್ಲ. ಹಾಗಾಗಿಯೇ ಎಣಿಸುವ ಯಂತ್ರಗಳು ಒಂದಕ್ಕೊಂದು ಕಾಯಬೇಕಿಲ್ಲ.

ಬಗ್ ಹುಡುಕಲು ಈ ವಿಧಾನ ಬಳಸಬಹುದಾ?

ಖಂಡಿತ. ಕಳೆದ ತಿಂಗಳು ಸರಿ ಇದ್ದ ಪ್ರೋಗ್ರಾಂ ಈಗ ಕೆಟ್ಟಿದೆ, ನಡುವೆ 1000 ಬದಲಾವಣೆಗಳಾಗಿವೆ ಅನ್ನಿ. ನಡುವಿನದನ್ನು ಓಡಿಸಿ ನೋಡಿ. ಸರಿ ಇದ್ದರೆ ತಪ್ಪು ಆಮೇಲೆ ಬಂದಿದೆ, ಇಲ್ಲದಿದ್ದರೆ ಮೊದಲೇ ಬಂದಿದೆ. ಸುಮಾರು 10 ಸಲಕ್ಕೆ ಬಗ್ ತಂದ ಬದಲಾವಣೆ ಸಿಗುತ್ತದೆ. ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಇದಕ್ಕಾಗಿಯೇ ಬೈಸೆಕ್ಟ್ ಎಂಬ ಆಜ್ಞೆ ಇದೆ. ಟೆಸ್ಟ್ ಇದ್ದರೆ ಪೂರ್ತಿ ಹುಡುಕಾಟವನ್ನು ಅದಕ್ಕೇ ಬಿಡಬಹುದು.

ಅಭ್ಯಾಸಕ್ಕೆ ಯಾವ ಸಮಸ್ಯೆಗಳಿಂದ ಶುರು ಮಾಡಲಿ?

ಮೊದಲು ಒಂದು ಗುಂಪಿನ ಎಲ್ಲ ಉಪಗುಂಪುಗಳನ್ನು ಪಟ್ಟಿ ಮಾಡುವ ಪ್ರೋಗ್ರಾಂ ಬರೆಯಿರಿ. ಕೊನೆಯ ಅಂಶ ಇದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆಯಿಂದ ಅದು ಒಡೆಯುತ್ತದೆ. ಆಮೇಲೆ ಮರ್ಜ್ ಸಾರ್ಟ್, ಗ್ರಂಥಾಲಯದ ಫಂಕ್ಷನ್ ಬಳಸದೆ. ಅದಾದ ಮೇಲೆ 1, 3, 4ರ ನಾಣ್ಯದ ಲೆಕ್ಕ: ಮೊದಲು ಸುಮ್ನೆ ರಿಕರ್ಶನ್‌ನಲ್ಲಿ ಬರೆದು, ದೊಡ್ಡ ಮೊತ್ತ ಕೊಟ್ಟಾಗ ಹೇಗೆ ನಿಧಾನವಾಗುತ್ತದೆ ನೋಡಿ, ನಂತರ ಉತ್ತರಗಳನ್ನು ಬರೆದಿಟ್ಟುಕೊಳ್ಳುವ ಹಾಗೆ ತಿದ್ದಿ. ಎರಡೂ ಹೊತ್ತಿನ ಸಮಯವನ್ನು ಅಳೆಯಿರಿ. ಅದು ಕೈಗೆ ಬಂದ ಮೇಲೆ ಪದಗಳ ತಿದ್ದುಪಡಿ ಲೆಕ್ಕಕ್ಕೆ ಹೋಗಿ, ಅದರಲ್ಲಿ ಕನಿಷ್ಠ ಸಂಖ್ಯೆ ಹೇಳಿದರೆ ಸಾಲದು. ಯಾವ ಅಕ್ಷರ ತೆಗೆದು ಯಾವುದನ್ನು ಸೇರಿಸಬೇಕು ಎಂಬ ಪಟ್ಟಿಯನ್ನೂ ಪ್ರೋಗ್ರಾಂ ಕೊಡಬೇಕು. ಅದಕ್ಕೆ ಕೋಷ್ಟಕದ ಕೊನೆಯ ಮನೆಯಿಂದ ಹಿಂದಕ್ಕೆ ನಡೆಯಬೇಕಾಗುತ್ತದೆ, ಪ್ರತಿ ಮನೆಯಲ್ಲೂ ಈ ಬೆಲೆ ಎಲ್ಲಿಂದ ಬಂತು ಎಂದು ಕೇಳುತ್ತಾ.